ನಿಮ್ಮ ಮಾತು ನಂಬಿ ಅಳಿಸಿದ ಹನ್ನೊಂದು ವರ್ಷದ ಕೆಲಸ

ಗೆ,
ಗ್ರಾಹಕ ಸೇವಾ ಮುಖ್ಯಸ್ಥರು

ವಿಷಯ: ನೆಟ್‌ವರ್ಕ್ ಸ್ಟೋರೇಜ್‌ನ ಮೂರೂ ವರ್ಚುವಲ್ ಡಿಸ್ಕ್ ನಿಂತದ್ದು, ಮತ್ತು ನಿಮ್ಮ ಎಂಜಿನಿಯರ್ ಮಾತಾಡಿದ ರೀತಿ

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯಿತು. ಒಂಬತ್ತು ಕರೆ, ನಾಲ್ಕು ಟಿಕೆಟ್. ಒಂದಕ್ಕೂ ನೆಟ್ಟಗೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರ.

ಗದಗದಲ್ಲಿ ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಅಣ್ಣತಮ್ಮ ಇಬ್ಬರೂ ಸೇರಿ ನಡೆಸುತ್ತೇವೆ, ಹೊಟ್ಟೆಪಾಡು ಅದರಿಂದಲೇ. ಎರಡು ವರ್ಷದ ಹಿಂದೆ ನೀವು ಕೊಟ್ಟ ಸ್ಟೋರೇಜ್ ಪೆಟ್ಟಿಗೆಯಲ್ಲಿ 4 ಟಿಬಿಯ ಆರು ಡಿಸ್ಕ್ ಇವೆ. ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್ 6 ಜೋಡಣೆ ಆದ್ದರಿಂದ ಎರಡು ಡಿಸ್ಕಿನಷ್ಟು ಜಾಗ ಹೋಗಿ ಉಳಿದದ್ದು 16 ಟಿಬಿ. ಅದರ ಮೇಲೆ ನಿಮ್ಮವರು 8 ಟಿಬಿಯ ಮೂರು ವರ್ಚುವಲ್ ಡಿಸ್ಕ್ (ಸರ್ವರ್ ಕಣ್ಣಿಗೆ ಬೇರೆ ಬೇರೆ ಡಿಸ್ಕಿನಂತೆ ಕಾಣುವ ಪಾಲು) ಮಾಡಿ ನಮ್ಮ ವಿಂಡೋಸ್ ಸರ್ವರ್‌ಗೆ ನೆಟ್‌ವರ್ಕ್ ಮೂಲಕ (iSCSI ವಿಧಾನದಲ್ಲಿ) ಜೋಡಿಸಿದರು. ಎಂಟು ಮೂರ್ಲೆ ಇಪ್ಪತ್ನಾಲ್ಕು. ಇರುವುದು 16. ಇರುವುದಕ್ಕಿಂತ ಹೆಚ್ಚು ಜಾಗ ತೋರಿಸುವ ಥಿನ್ ಪ್ರೊವಿಷನಿಂಗ್‌ನಲ್ಲಿ ಬಳಸಿದಷ್ಟೇ ಜಾಗ ಹಿಡಿಯುತ್ತದೆ, ಹಾಗೆ ಮಾಡಿದ್ದು ತಪ್ಪಲ್ಲ. ಆದರೆ ಕೆಳಗಿನ ಪೂಲ್, ಅಂದರೆ ಮೂರಕ್ಕೂ ಸೇರಿದ ಆ 16 ಟಿಬಿ ಜಾಗದ ಮೇಲೆ ಯಾರಾದರೂ ಕಣ್ಣಿಟ್ಟಿರಬೇಕು. 80 ಪರ್ಸೆಂಟ್ ತುಂಬಿದ ಕೂಡಲೇ ನಮಗೆ ಫೋನ್ ಮಾಡುವುದು ನಿಮ್ಮ ಕೆಲಸ ಅಂತ ನಿಮ್ಮದೇ ಒಪ್ಪಂದದಲ್ಲಿದೆ. ಎಚ್ಚರಿಕೆಯ ಮೇಲ್ ಬರುವುದೂ ನಿಮ್ಮ ವಿಳಾಸಕ್ಕೇ. ಒಬ್ಬರೂ ಫೋನ್ ಮಾಡಲಿಲ್ಲ.

ಕಳೆದ ಮಂಗಳವಾರ ಪೆಟ್ಟಿಗೆಯ ಕೆಂಪು ದೀಪ ನೋಡಿ ನಾನೇ ಕರೆ ಮಾಡಿದೆ. ಪೂಲ್ 97 ಪರ್ಸೆಂಟ್ ಆಗಿತ್ತು. "ಹಳೇದೆಲ್ಲ ಡಿಲೀಟ್ ಮಾಡಿ ಸರ್, ಬೇಕಾದ್ರೆ ಸ್ನ್ಯಾಪ್‌ಶಾಟ್‌ನಿಂದ ವಾಪಸ್ ತರೋಣ" ಅಂದರು ಎಂಜಿನಿಯರ್. ಸ್ನ್ಯಾಪ್‌ಶಾಟ್ ಅಂದರೆ ಡಿಸ್ಕ್ ಆ ಹೊತ್ತಿಗೆ ಹೇಗಿತ್ತೋ ಹಾಗೆ ಪೆಟ್ಟಿಗೆ ಹಿಡಿದಿಡುವ ಚಿತ್ರಣ. ಹನ್ನೊಂದು ವರ್ಷದ ಹಳೇ ಕೆಲಸ, 2 ಟಿಬಿ, ಅಳಿಸಿದೆ. ವಿಂಡೋಸ್‌ನಲ್ಲಿ ಜಾಗ ಖಾಲಿ ಕಂಡಿತು. ಪೂಲ್ ಮಾತ್ರ 98ಕ್ಕೆ ಏರಿತು.

ಮತ್ತೆ ಕರೆ ಮಾಡಿದೆ. ನಲವತ್ತು ನಿಮಿಷ ಕಾದೆ. ಎರಡೂ ಕೈ ಕೀಬೋರ್ಡ್ ಮೇಲಿದ್ದರಿಂದ ಸ್ಪೀಕರ್ ಹಾಕಿದ್ದೆ. ಎದುರಿಗೆ ಮಗಳ ಲಗ್ನಪತ್ರಿಕೆಗೆ ಬಂದ ಹಿರಿಯರು ಕೂತಿದ್ದರು. ನಮ್ಮ ಹುಡುಗರು ಬಾಗಿಲಲ್ಲಿ ನಿಂತಿದ್ದರು. ಡಿಲೀಟ್ ಮಾಡಿದರೂ ಜಾಗ ಬರುತ್ತಿಲ್ಲ ಅಂದೆ. "ರೀಸೈಕಲ್ ಬಿನ್ ಖಾಲಿ ಮಾಡಿದ್ರಾ?" ಮಾಡಿದ್ದೇನೆ ಅಂದೆ. "ಮತ್ತೊಮ್ಮೆ ನೋಡಿ." ನೋಡಿದೆ, ಖಾಲಿ ಇತ್ತು. ಆಗ ನಿಮ್ಮ ಎಂಜಿನಿಯರ್ ತಮ್ಮ ಪಕ್ಕದವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು: "ಡಿಲೀಟ್ ಮಾಡೋಕೂ ಬರಲ್ಲ, ಇವರಿಗ್ಯಾಕೆ ಸ್ಟೋರೇಜ್?" ಇಬ್ಬರೂ ನಕ್ಕರು. ಆ ಹಿರಿಯರು ತಲೆ ತಗ್ಗಿಸಿದರು. ನನಗೆ ಏನು ಮಾತಾಡಬೇಕೋ ತೋಚಲಿಲ್ಲ. "ಥ್ಯಾಂಕ್ಸ್" ಅಂದು ಇಟ್ಟೆ. ಆ ಥ್ಯಾಂಕ್ಸ್ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬುಧವಾರ ಬೆಳಿಗ್ಗೆ ಪೂಲ್ ಪೂರ್ತಿ ತುಂಬಿ ಮೂರೂ ಡಿಸ್ಕ್ ನಿಂತವು. ಲೆಕ್ಕಪತ್ರದ ಡಿಸ್ಕ್‌ನಲ್ಲಿ 300 ಜಿಬಿಯೂ ಇರಲಿಲ್ಲ, ಅದೂ ನಿಂತಿತು. ನಿಮ್ಮವರು ದೂರದಿಂದಲೇ ಲಾಗಿನ್ ಆಗಿ, ನನ್ನನ್ನು ಒಂದು ಮಾತೂ ಕೇಳದೆ, ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಅಳಿಸಿ ಜಾಗ ಮಾಡಿದರು. ಡಿಸ್ಕ್‌ಗಳು ಎದ್ದವು. ನಾನು ಅಳಿಸಿದ ಕೆಲಸ ಇದ್ದದ್ದು ಆ ಸ್ನ್ಯಾಪ್‌ಶಾಟ್‌ಗಳಲ್ಲಿ ಮಾತ್ರ. ವಾಪಸ್ ತರೋಣ ಅಂದಿದ್ದಿರಿ, ಅಲ್ವಾ? ಎಲ್ಲಿಂದ ತರುತ್ತೀರಿ?

ಹುಬ್ಬಳ್ಳಿಯಿಂದ ಬಂದ ಪರಿಚಯದವರು ಹತ್ತೇ ನಿಮಿಷದಲ್ಲಿ ವಿಷಯ ಬಿಡಿಸಿ ಹೇಳಿದರು. ಅಳಿಸಿದ ಫೈಲ್‌ಗಳಿದ್ದ ಡಿಸ್ಕಿನ ತುಂಡು ಜಾಗಗಳನ್ನು (ಬ್ಲಾಕ್) ಸ್ನ್ಯಾಪ್‌ಶಾಟ್ ಹಿಡಿದುಕೊಂಡಿರುತ್ತದೆ. ಅದಿಲ್ಲದಿದ್ದರೂ, ಸರ್ವರ್ ಕಡೆಯಿಂದ ಅನ್‌ಮ್ಯಾಪ್, ಅಂದರೆ 'ಈ ಜಾಗ ಇನ್ನು ಬೇಡ' ಅನ್ನುವ ಸೂಚನೆ, ಹೋಗದೆ ಪೂಲ್‌ಗೆ ಜಾಗ ಮರಳುವುದಿಲ್ಲ. ನೀವು ಅನ್‌ಮ್ಯಾಪ್ ಆನ್ ಮಾಡಿರಲೇ ಇಲ್ಲ. ಗಂಟೆಗೊಂದು ಸ್ನ್ಯಾಪ್‌ಶಾಟ್, 30 ದಿನ ಇಡಬೇಕು ಅಂತ ಸೆಟ್ ಮಾಡಿದ್ದೂ ನೀವೇ. "ಸ್ನ್ಯಾಪ್‌ಶಾಟ್ ಇದ್ದರೆ ಬೇರೆ ಬ್ಯಾಕಪ್ ಯಾಕೆ" ಅಂತ ಮಾರುವಾಗ ಹೇಳಿದ್ದೂ ನೀವೇ. ಅದೇ ಪೂಲ್‌ನಲ್ಲಿರುವ ಸ್ನ್ಯಾಪ್‌ಶಾಟ್ ಬ್ಯಾಕಪ್ ಹೇಗಾಗುತ್ತದೆ? ಇದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬೇಕಿತ್ತು.

ಏಳು ದಿನದೊಳಗೆ ಎರಡು ತಿಂಗಳ ಎಚ್ಚರಿಕೆ ಲಾಗ್ ಕಳಿಸಿ. ಬುಧವಾರ ಯಾರು ಏನು ಅಳಿಸಿದರು ಅಂತ ಬರೆದು ಕೊಡಿ. ಈ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದುಡ್ಡು ನಾನು ಕಟ್ಟುವುದಿಲ್ಲ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೇ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುವ ಅರ್ಜಿ ಬರೆದಿಟ್ಟಿದ್ದೇನೆ. 97, 98 ತೋರಿಸುವ ಪರದೆಯ ಫೋಟೋಗಳಿವೆ. ನಿಮ್ಮವರು ನಕ್ಕ ಕರೆಯ ರೆಕಾರ್ಡಿಂಗ್ ಇದೆ. ಆ ಹಿರಿಯರು ಸಾಕ್ಷಿ ಹೇಳಲು ಬರುತ್ತೇನೆ ಅಂದಿದ್ದಾರೆ.

ಇಂತಿ,
ಪ್ರೆಸ್ ಮಾಲೀಕ, ಗದಗ