ಮುಖ ತಿರುಗಿಸಿ ಕೂತವರ ಆಟ

ಕಾರಟಗಿ
ಶನಿವಾರ ರಾತ್ರಿ, ಆಗಸ್ಟ್ 2025

ನನ್ನ ಮಗಳಿಗೆ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾಟಿ ಮುಗಿಯಲು ಇನ್ನೂ ಎಂಟು ದಿನ ಬೇಕು. ಸೊಂಟ ಹೇಗಿದೆ ಎಂದು ಕೇಳಬೇಡ. ಆಗಸ್ಟ್ ತಿಂಗಳಲ್ಲಿ ಈ ಸೀಮೆಯಲ್ಲಿ ಸೊಂಟ ನೋಯದ ಹೆಂಗಸು ಇದ್ದರೆ ಅವಳು ಗದ್ದೆಗೆ ಇಳಿದಿಲ್ಲ ಎಂದೇ ಲೆಕ್ಕ. ಈ ಮಾತುಗಳನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಸಲ ‘ಹೂಂ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಸಿಟ್ಟು ಬಂದಾಗ ಮಡಚಿಟ್ಟು, ಇಳಿದ ಮೇಲೆ ತೆಗೆದು ಓದಬಹುದು.

ಮೊನ್ನೆ ನೀನು ಅತ್ತಾಗ ಸೋತು ಬಂದಿದ್ದೀರಿ ಎಂದುಕೊಂಡೆ. ತಾಲ್ಲೂಕು ಮಟ್ಟದ ಖೋ ಖೋದಲ್ಲಿ ಗೆದ್ದಿದ್ದೀರಿ ಎನ್ನುವುದು ಕೊನೆಗೆ ತಿಳಿಯಿತು. ನಿಮ್ಮ ತಂಡದಲ್ಲೇ ನಮ್ಮ ಗಂಗಾವತಿ ಕಡೆಯ ಹುಡುಗಿಯರು ಒಂದು ಗುಂಪು, ಒಣ ಬೇಸಾಯದ ಕುಷ್ಟಗಿ ಕಡೆಯವರು ಇನ್ನೊಂದು. ಊಟಕ್ಕೂ ಬೇರೆ ಬೇರೆ ಸಾಲು, ಆಟದಲ್ಲೂ ತಮ್ಮ ತಮ್ಮವರಿಗೇ ಖೋ. ಕುಷ್ಟಗಿಯವರಲ್ಲೊಬ್ಬಳು ಹತ್ತಿರ ಕೂತಿದ್ದ ನಿನ್ನನ್ನು ಬಿಟ್ಟು, ಮುಂದೆ ಹೋಗಿ ತನ್ನ ಗೆಳತಿಗೆ ಖೋ ಕೊಟ್ಟಳು, ಅಷ್ಟರಲ್ಲಿ ಓಡುವವಳು ಕಂಬ ಸುತ್ತಿಬಿಟ್ಟಿದ್ದಳು ಎಂದು ನೀನು ಹೇಳಿದೆ. ‘ಜಿಲ್ಲಾ ಮಟ್ಟಕ್ಕೆ ಮೊದಲು ಅವಳನ್ನು ತೆಗೆಸಲು ಪಿ.ಟಿ. ಸರ್‌ಗೆ ಹೇಳುತ್ತೇನೆ’ ಎಂದೆ.

ಸ್ವಲ್ಪ ತಡೆ.

ನಾನೂ ಹೈಸ್ಕೂಲಿನಲ್ಲಿ ಈ ಆಟ ಆಡಿದವಳು. ಎಂಟು ಜನ ಸಾಲಾಗಿ ಕೂರುತ್ತೀರಿ, ಒಬ್ಬಳ ಮುಖ ಪೂರ್ವಕ್ಕಾದರೆ ಪಕ್ಕದವಳ ಮುಖ ಪಶ್ಚಿಮಕ್ಕೆ. ಬೇರೆ ಯಾವ ಆಟದಲ್ಲಿ ಸ್ವಂತ ತಂಡದವರೇ ಹೀಗೆ ಮುಖ ತಿರುಗಿಸಿ ಕೂರುತ್ತಾರೆ ಹೇಳು? ಖೋ ಬರುವುದು ಬೆನ್ನ ಹಿಂದಿನಿಂದ. ಕೊಡುವವಳು ಎಷ್ಟು ಹತ್ತಿರ ಬಂದಳು ಎಂಬುದನ್ನು ಅವಳ ಹೆಜ್ಜೆಯ ಸದ್ದಿನಲ್ಲೇ ತಿಳಿಯಬೇಕು. ಖೋ ಬರುವ ಮೊದಲೇ ಎದ್ದರೆ ಫೌಲ್. ಕಾಲನ್ನು ಬಿಗಿಹಿಡಿದು ಕೂತಿರುವವಳಿಗೆ ‘ಬೇಕಾದ ಹೊತ್ತಿಗೆ ಇವಳು ನನ್ನ ಬೆನ್ನು ಮುಟ್ಟುತ್ತಾಳೆ’ ಎಂಬ ಧೈರ್ಯ ಇರಬೇಕು. ಎರಡು ಸಲ ಅವಳನ್ನು ದಾಟಿ ಹೋದರೆ ಮೂರನೆಯ ಸಲ ಖೋ ಬಂದಾಗಲೂ ಅವಳು ಅರೆ ಕ್ಷಣ ತಡವಾಗಿಯೇ ಏಳುತ್ತಾಳೆ. ಅದು ಸೋಮಾರಿತನವಲ್ಲ ಮಗಳೇ. ಬರುತ್ತದೆ ಎಂಬ ನೆಚ್ಚಿಕೆ ಹೋಗಿರುತ್ತದೆ, ಅಷ್ಟೇ.

ಗದ್ದೆಯಲ್ಲೂ ನಮ್ಮದು ಬೆನ್ನಿನ ಕೆಲಸವೇ. ಬಗ್ಗಿಕೊಂಡು ಹಿಂದಕ್ಕೆ ಹೆಜ್ಜೆ ಇಡುತ್ತಾ ನಾಟಿ ಮಾಡುತ್ತೇವೆ. ಸಸಿಕಟ್ಟು ಎಸೆಯುವವನು ಲಕ್ಷ್ಯವಿಟ್ಟು ಎಸೆದಿದ್ದರೆ, ಕೈಯಲ್ಲಿನ ಕಟ್ಟು ಮುಗಿಯುವ ಹೊತ್ತಿಗೆ ಮುಂದಿನದು ಹಿಮ್ಮಡಿಗೇ ತಾಕುತ್ತದೆ. ತಿರುಗಿ ನೋಡುವ ಕೆಲಸವಿಲ್ಲ. ಒಂದು ಮಡಿಯಲ್ಲಿ ಎರಡು ಸಲ ಕೈಗೆ ಸಿಗದೆ ಹೋದರೆ ಹನ್ನೆರಡು ಹೆಂಗಸರೂ ಕತ್ತು ಹೊರಳಿಸಿ ನೋಡಲು ಶುರುಮಾಡುತ್ತಾರೆ. ಅಲ್ಲಿಗೆ ಅರ್ಧ ದಿನ ಹೋಯಿತು ಎಂದೇ ಅರ್ಥ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಹೋದ ವರ್ಷ ನಮ್ಮ ನಾಟಿ ಗುಂಪಿನಿಂದ ನಾಲ್ವರು ಬಿಟ್ಟುಹೋದರಲ್ಲ, ಕೂಲಿ ಜಾಸ್ತಿ ಸಿಕ್ಕಿತೆಂದು ಹೋದರು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಗುತ್ತಿಗೆಯ ಮುಂಗಡ ನನ್ನ ಹತ್ತಿರ ಇತ್ತು. ನಿನ್ನನ್ನು ಹಾಸ್ಟೆಲ್‌ಗೆ ಸೇರಿಸುವಾಗ ಅದರಿಂದ ಸ್ವಲ್ಪ ತೆಗೆದೆ. ನಾಟಿ ಮುಗಿಯುವುದರೊಳಗೆ ಹಾಕಿಬಿಡುತ್ತೇನೆ, ಯಾರಿಗೂ ಹೇಳುವ ಅಗತ್ಯವಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕತ್ತರಿಸಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಕೆಟ್ಟದ್ದು ಒಂದೇ, ಆದರೆ ಒತ್ತಡ ಇಳಿಸಲು ಉಳಿದ ಎಲ್ಲವನ್ನೂ ಎತ್ತಿ ನೀರು ಹರಿಸಬೇಕಾಯಿತು. ಊರಿಗೆ ಊರೇ ಹೆದರಿತು. ಇನ್ನೂ ನಾಟಿಯಾಗದ ಎರಡು ಹೊಲದವರು ಮುಂಗಡ ವಾಪಸು ಕೇಳಿದರು. ಎಲ್ಲರ ಎದುರಿಗೆ ನನ್ನ ಚೀಲ ಬಿಚ್ಚಿದಾಗ ಹಣ ಕಡಿಮೆ ಇತ್ತು.

ಆಮೇಲೆ ಪ್ರತಿ ರೂಪಾಯಿ ಹಾಕಿದೆ, ಆ ಮಾತು ಬೇರೆ. ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದಲ್ಲಿ ಆ ಬಾಗಿಲು ಮುಚ್ಚಿದರು. ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರ್ ಮುಂದೆ ನಿಂತು ಮಾಡಿಸಿದರು ಎಂದು ಪತ್ರಿಕೆಯಲ್ಲೆಲ್ಲ ಬಂದಿತ್ತು. ಗೇಟು ಕೂತಿತು, ನನ್ನ ಗುಂಪು ಕೂರಲಿಲ್ಲ. ನಾನು ಮನೆ ಮನೆಗೆ ಹೋಗಿ ಕಣ್ಣೀರು ಹಾಕಿದೆ. ಅದರಿಂದ ಯಾರೂ ಬರಲಿಲ್ಲ. ಬಂದದ್ದು ಯಾವಾಗ ಗೊತ್ತೇ? ಹೊಲ ಮುಗಿದ ಕೂಡಲೇ ಬದುವಿನ ಮೇಲೆ ಎಲ್ಲರನ್ನೂ ಕೂರಿಸಿ, ಬಂದದ್ದೆಷ್ಟು, ಟಂಟಂ ಗಾಡಿಯ ಬಾಡಿಗೆ ಎಷ್ಟು, ಚಹಾಕ್ಕೆ ಎಷ್ಟು ಎಂದು ಗಟ್ಟಿಯಾಗಿ ಓದಿ, ಅಲ್ಲೇ ಹಂಚಲು ಶುರುಮಾಡಿದ ಮೇಲೆ. ಎರಡನೇ ಬೆಳೆಯ ನಾಟಿಯ ಹೊತ್ತಿಗೆ ಮೂವರು ಮರಳಿದರು. ನಾಲ್ಕನೆಯವಳು ಇವತ್ತಿಗೂ ಬಂದಿಲ್ಲ, ಸಂತೆಯಲ್ಲಿ ಸಿಕ್ಕರೆ ಪಕ್ಕಕ್ಕೆ ನೋಡುತ್ತಾಳೆ. ಅವಳದೇನೂ ತಪ್ಪಿಲ್ಲ.

ಮರಳಿದವರ ಜೊತೆಯಲ್ಲೇ ಈ ಜನವರಿಯಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ದೆಹಲಿಯ ಖೋ ಖೋ ವಿಶ್ವಕಪ್ ನೋಡಿದೆ. ನಮ್ಮ ಹುಡುಗಿಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಮೈಸೂರು ಕಡೆಯ ಚೈತ್ರಾ ಓಡುವಾಗ ನಮ್ಮ ದೊಡ್ಡವ್ವ ಕೂತಲ್ಲಿಂದಲೇ ‘ಹುಷಾರು, ಹುಷಾರು’ ಎನ್ನುತ್ತಿದ್ದಳು, ಅಲ್ಲಿಗೆ ಕೇಳಿಸುತ್ತದೆ ಎನ್ನುವ ಹಾಗೆ.

ಇನ್ನು ನಿನ್ನ ವಿಷಯ. ನೀನು ಹೇಳದೆ ಬಿಟ್ಟ ಮಾತೊಂದು ಇದೆ ಎಂದು ನನ್ನ ಅನುಮಾನ. ನಿಮ್ಮ ಕಡೆಯವರು ಆ ಹುಡುಗಿಯರ ಮಾತಿಗೋ ಬಟ್ಟೆಗೋ ಊಟಕ್ಕೋ ನಕ್ಕಿಲ್ಲವೇ? ನೀರಾವರಿ ಸೀಮೆಯವರಿಗೆ ಆ ಕೊಬ್ಬು ಇದೆ, ನನಗೆ ಗೊತ್ತು. ನಮ್ಮ ಗದ್ದೆಗಳ ನಾಟಿಗೆ ಒಣ ಬೇಸಾಯದ ಊರುಗಳಿಂದ ಟಂಟಂ ಹತ್ತಿ ಬರುವವರಲ್ಲಿ ಅಂಥ ಹುಡುಗಿಯರ ಅವ್ವಂದಿರೂ ಇರುತ್ತಾರೆ. ನಕ್ಕಿದ್ದು ನಿಜವಾದರೆ ಮೊದಲು ನಕ್ಕವರನ್ನು ಕೇಳು. ನೀನೇ ನಕ್ಕಿದ್ದರೆ ನೀನೇ ಹೋಗು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳೊಬ್ಬಳೇ ಇರುವಾಗ. ತಂಡದ ಎದುರಿಗೆ ಕ್ಷಮೆ ಕೇಳುವುದು ನಾಟಕದಂತಿರುತ್ತದೆ, ಅವಳಿಗೂ ಮುಜುಗರ.

ಆಮೇಲೆ ಸರ್‌ಗೆ ಹೇಳಿ ಕೂರುವ ಕ್ರಮ ಬದಲಿಸು. ಅವಳನ್ನೂ ನಿನ್ನನ್ನೂ ಅಕ್ಕಪಕ್ಕದ ಚೌಕಗಳಲ್ಲಿ ಕೂರಿಸಲಿ. ನೀನು ಎದ್ದು ಓಡುವ ಬದಿಗೆ ಬೆನ್ನು ಕೊಟ್ಟು ಕೂತವಳು ಪಕ್ಕದವಳೇ. ಆದ್ದರಿಂದ ಪಕ್ಕದವಳಿಗೆ ಕೊಡುವ ಚಿಕ್ಕ ಖೋ ಹೆಚ್ಚಾಗಿ ನಿಮ್ಮಿಬ್ಬರ ನಡುವೆಯೇ ಓಡಾಡುತ್ತದೆ, ಮಾತು ಬಿಟ್ಟಿದ್ದರೂ ‘ಖೋ’ ಎಂದು ಗಟ್ಟಿಯಾಗಿ ಹೇಳಲೇಬೇಕು. ದಿನಕ್ಕೆ ನೂರು ಸಲ ಒಬ್ಬರ ಬೆನ್ನನ್ನು ಒಬ್ಬರು ಮುಟ್ಟಿ ಕೂಗಿದ ಮೇಲೆ, ರಾತ್ರಿ ಊಟದಲ್ಲಿ ಉಪ್ಪು ಕೇಳಲು ಎಷ್ಟು ಹೊತ್ತು ಬೇಕು?

ನಾಯಕಿಯಾಗಿ ನಿನ್ನ ಕೈಗೆ ಬರುವ ಬಸ್ ಚಾರ್ಜು, ಬಾಳೆಹಣ್ಣಿನ ದುಡ್ಡು ಎಲ್ಲವನ್ನೂ ಆ ದಿನವೇ ಓದಿ ಹೇಳು. ಹತ್ತು ರೂಪಾಯಿ ಉಳಿದರೂ ಹೇಳು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ಈಗ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೊಂದು. ನೀನು ಎಂಥ ಆಟಗಾರ್ತಿ ಎಂದು ಎಲ್ಲರಿಗೂ ಗೊತ್ತು. ಆದರೆ ಮೂರನೆಯ ಓಟಗಾರ್ತಿಯನ್ನು ಔಟ್ ಮಾಡಿದವಳು ಹೊಸದಾಗಿ ಒಳಬಂದ ಮೂವರ ಬೆನ್ನು ಹತ್ತುವಂತಿಲ್ಲ, ಕೂಡಲೇ ಖೋ ಕೊಟ್ಟು ಕೂರಬೇಕು. ನಮ್ಮ ಕಾಲದಲ್ಲೂ ಆ ನಿಯಮವಿತ್ತು. ಚಪ್ಪಾಳೆ ಬೀಳುತ್ತಿರುವಾಗಲೇ ಕೂರಬೇಕಲ್ಲ ಎಂದು ನನಗೆ ಆಗ ಬಹಳ ಉರಿಯುತ್ತಿತ್ತು. ಹೋದ ವರ್ಷ ನಿನ್ನ ಆಟ ನೋಡಲು ಬಂದಾಗ ನಿನ್ನ ಮುಖದಲ್ಲೂ ಅದೇ ಉರಿ ಕಂಡೆ. ಮುಖ ನನ್ನದೇ ಅಲ್ಲವೇ.

ಸೋಮವಾರ ನಮ್ಮ ಓಣಿಯ ಹುಡುಗ ಕೊಪ್ಪಳಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಕಟಕಟ ಎನ್ನುವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸಿದ್ದೇನೆ. ಹನ್ನೆರಡು ಮಂದಿಗೆ ತಲಾ ಮೂರರಂತೆ ಮೂವತ್ತಾರು ರೊಟ್ಟಿ ಇವೆ, ಎಣಿಸಿಕೋ. ಆ ಹುಡುಗಿಗೆ ಮೊದಲು ಕೊಡಲು ಹೋಗಬೇಡ, ಅವಳಿಗೆ ಅರ್ಥವಾಗಿಬಿಡುತ್ತದೆ. ಗಂಟು ಬಿಚ್ಚಿ ಸುಮ್ಮನೆ ನಡುವೆ ಇಡು.

ನಿನ್ನ ಅವ್ವ