ಕುದುರೆಮುಖ ಕೊಳ್ಳುವವರು ಲಕ್ಯಾ ಡ್ಯಾಂ ಕೂಡ ಕೊಳ್ಳುತ್ತಾರೆಯೇ?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಗಲ್ ಮೌಂಟನ್ ಎಂಬ ಪಾಳುಬಿದ್ದ ಕಬ್ಬಿಣದ ಗಣಿ, ಕಾರ್ಮಿಕರ ಊರಿನ ಸಮೇತ 2023ರಲ್ಲಿ 2.25 ಕೋಟಿ ಡಾಲರಿಗೆ ಮಾರಾಟವಾಯಿತು. ಮೊನ್ನೆ ಮದುವೆಮನೆಯಲ್ಲಿ ನೆಂಟರೊಬ್ಬರು ಆ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, "ನಿಮ್ಮ ಕುದುರೆಮುಖವನ್ನೂ ಹೀಗೇ ಯಾರಿಗಾದರೂ ಕೊಟ್ಟುಬಿಟ್ಟರಾಯಿತಲ್ಲ ಮಾರಾಯ್ರೆ, ಒಳ್ಳೇ ರೆಸಾರ್ಟ್ ಆಗುತ್ತದೆ" ಎಂದರು. ಊಟದ ಹೊತ್ತು, ನಾನು ಹೆಚ್ಚು ಮಾತನಾಡಲಿಲ್ಲ. ಆದರೆ ಇಕೋ ಟೂರಿಸಂ, ಖಾಸಗಿ ಸಹಭಾಗಿತ್ವ ಎಂದು ಹೆಸರು ಬದಲಿಸಿಕೊಂಡು ಇದೇ ಮಾತು ಕುದುರೆಮುಖದ ಕಬ್ಬಿಣದ ಗಣಿ ಮುಚ್ಚಿದಂದಿನಿಂದ ಸುತ್ತುತ್ತಲೇ ಇದೆ. ಅಲ್ಲಿನ ಪ್ಲಾಂಟಿನಲ್ಲಿ ಫಿಟ್ಟರ್ ಆಗಿದ್ದವನಾಗಿ ಇದಕ್ಕೊಂದು ಉತ್ತರ ಬರೆಯಬೇಕೆನಿಸಿತು.

ಕಾರ್ಕಳದಿಂದ ಮಾಳ ದಾಟಿ, ಚೆಕ್‌ಪೋಸ್ಟಿನಲ್ಲಿ ಚೀಟಿ ಬರೆಸಿಕೊಂಡು ಘಾಟಿ ಹತ್ತುವ ಪ್ರವಾಸಿಗೆ ಕಾಣುವುದು ಹುಲ್ಲುಗಾವಲಿನ ಗುಡ್ಡ, ಶೋಲಾ ಕಾಡು, ಭದ್ರೆಯ ಹೊಳೆ, ನಡುವೆ ಪಾಚಿ ಹಿಡಿದ ಕ್ವಾರ್ಟರ್ಸ್. ಇಷ್ಟು ಒಳ್ಳೆಯ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ರಸ್ತೆಯಿಂದ ಕಾಣದ್ದು ಗಣಿಯ ಕೆಸರು ತುಂಬಿಟ್ಟ ಲಕ್ಯಾ ಡ್ಯಾಂ. ಕಂಡರೂ ಹೆಚ್ಚಿನವರು ಅದನ್ನು ಕೆರೆಯೋ ಮೈದಾನವೋ ಎಂದುಕೊಂಡಾರು.

ಅದು ನೀರಿಗಾಗಿ ಕಟ್ಟಿದ ಡ್ಯಾಂ ಅಲ್ಲ. ಕುದುರೆಮುಖದ ಅದಿರು ಬಳ್ಳಾರಿಯದರಂತೆ ಅಗೆದು ಲಾರಿಗೆ ತುಂಬಿ ಕಳಿಸುವ ಮಾಲೇ ಅಲ್ಲ. ಅದು ಮ್ಯಾಗ್ನೆಟೈಟ್, ಎಂದರೆ ಅಯಸ್ಕಾಂತಕ್ಕೆ ಅಂಟುವ ಅದಿರು, ಕಬ್ಬಿಣದ ಅಂಶ ಕಮ್ಮಿ. ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರು ಬೆರೆಸಿ, ಅಯಸ್ಕಾಂತದ ಡ್ರಮ್ಮುಗಳಲ್ಲಿ ಹಾಯಿಸಿ ಕಬ್ಬಿಣವನ್ನು ಬೇರೆ ಮಾಡುತ್ತಿದ್ದೆವು. ಹೀಗೆ ಬೇರೆಯಾದ ಕಬ್ಬಿಣದ ಪುಡಿ, ಅಂದರೆ ಕಾನ್ಸಂಟ್ರೇಟ್, ರಾಡಿಯ ರೂಪದಲ್ಲಿ 67 ಕಿ.ಮೀ. ಪೈಪಿನೊಳಗೆ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಬಂದರು ಸೇರುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ ಕಾನ್ಸಂಟ್ರೇಟ್ ತೆಗೆಯುವ ಲೆಕ್ಕದಲ್ಲಿ ಪ್ಲಾಂಟ್ ಕಟ್ಟಿದ್ದು. ಅಷ್ಟು ಸಿಗಬೇಕಾದರೆ ಎರಡು ಕೋಟಿ ಟನ್ನಿಗೂ ಹೆಚ್ಚು ಕಲ್ಲು ಅರೆಯಬೇಕು. ಉಳಿದ ನುಣ್ಣನೆಯ ಕೆಸರು, ನಾವು ಟೇಲಿಂಗ್ಸ್ ಎನ್ನುತ್ತಿದ್ದದ್ದು, ಎಲ್ಲಿಗೆ ಹೋಯಿತು? ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿ ಅದರ ಹಿಂದೆ ತುಂಬಿಸಿದೆವು. ಕಾಲು ಶತಮಾನ ತುಂಬಿಸಿದೆವು. ಅದು ಇವತ್ತಿಗೂ ಅಲ್ಲೇ ಇದೆ.



ಗಣಿಯ ಗುತ್ತಿಗೆಯ ಅವಧಿ 1999ಕ್ಕೆ ಮುಗಿದಿತ್ತು. ಸುತ್ತಲಿನ ಕಾಡು ಅದಕ್ಕೂ ಮೊದಲೇ, 1987ರಲ್ಲಿ, ರಾಷ್ಟ್ರೀಯ ಉದ್ಯಾನವಾಗಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದು ಸರಿಯೋ ತಪ್ಪೋ ಎಂಬ ಜಗಳ ನಮ್ಮ ಮನೆಯಲ್ಲೇ ಇನ್ನೂ ಬಗೆಹರಿದಿಲ್ಲ. ಹಬ್ಬದ ದಿನ ಆ ವಿಷಯ ಎತ್ತಬಾರದೆಂದು ಸೊಸೆಯ ಅಪ್ಪಣೆಯಾಗಿದೆ. ಹಾಗಾಗಿ ಇಲ್ಲಿಯೂ ಎತ್ತುವುದಿಲ್ಲ.

ನನ್ನ ಪ್ರಶ್ನೆ ಡ್ಯಾಮಿನದು ಮಾತ್ರ. ಗಣಿ ನಿಂತಿತೆಂದು ಟೇಲಿಂಗ್ಸ್ ಡ್ಯಾಮಿಗೆ ರಜೆ ಸಿಗುವುದಿಲ್ಲ. ಆರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಜಾಗ ಅದು. ಪ್ರತಿ ಜೂನಿಗೆ ಮುಂಚೆ ನೀರು ಹೊರಹೋಗುವ ದಾರಿ ತೆರವಾಗಿರಬೇಕು. ಕಟ್ಟೆಯ ಬುಡದಲ್ಲಿ ಬಸಿಯುವ ನೀರನ್ನು ಅಳೆಯುತ್ತಿರಬೇಕು, ಅದರ ಬಣ್ಣ ನೋಡುತ್ತಿರಬೇಕು. ತಿಳಿಯಾಗಿದ್ದದ್ದು ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಏರಿಯ ಮೇಲೆ ಮರ ಬೆಳೆದು ಬೇರಿಳಿಯದಂತೆ ನೋಡಿಕೊಳ್ಳಬೇಕು. ಇದು ಐದು ವರ್ಷದ್ದೋ ಹತ್ತು ವರ್ಷದ್ದೋ ಕೆಲಸವಲ್ಲ, ಡ್ಯಾಂ ಇರುವಷ್ಟು ಕಾಲದ್ದು.

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದದ್ದೂ ಕಬ್ಬಿಣದ ಗಣಿಯ ಟೇಲಿಂಗ್ಸ್ ಡ್ಯಾಮೇ. ಅದಕ್ಕೆ ಕೆಸರು ಬಿಡುವುದನ್ನು ನಿಲ್ಲಿಸಿ ಆಗಲೇ ಕೆಲವು ವರ್ಷಗಳಾಗಿದ್ದವು. ಗಣಿಯ ಕ್ಯಾಂಟೀನೇ ಕೆಸರಿನಡಿ ಹೂತುಹೋಯಿತು, ಸತ್ತವರು 270 ಮಂದಿ. ಆ ಡ್ಯಾಂ ಕಟ್ಟಿದ ಕ್ರಮ ಬೇರೆ, ನಮ್ಮದು ಬೇರೆ. ಲಕ್ಯಾ ನಾಳೆಯೇ ಒಡೆಯುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಕೆಲಸ ನಿಂತ ಡ್ಯಾಂ ಎಂದರೆ ಅಪಾಯವಿಲ್ಲದ ಡ್ಯಾಂ ಎಂದುಕೊಳ್ಳಬಾರದು, ಅಷ್ಟೆ. ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ದಾವಣಗೆರೆಯ ಗದ್ದೆಗಳಿಗೆ.

ಈಗಲ್ ಮೌಂಟನ್ ಕಥೆಯನ್ನೂ ಪೂರ್ತಿ ಓದಿದೆ. ಅಲ್ಲಿ 1983ರಲ್ಲಿ ಗಣಿ ಮುಚ್ಚಿತು. ಆಮೇಲೆ ಆ ಊರನ್ನು ಜೈಲು ಮಾಡಿದರು, ಅದೂ 2003ರಲ್ಲಿ ಮುಚ್ಚಿತು. ಗಣಿಯ ಗುಂಡಿಗಳಿಗೆ ಲಾಸ್ ಏಂಜಲೀಸಿನ ಕಸ ತುಂಬುವ ಯೋಜನೆ ವರ್ಷಗಟ್ಟಲೆ ಕೋರ್ಟಿನಲ್ಲಿ ಅಲೆದು 2013ರಲ್ಲಿ ಬಿದ್ದುಹೋಯಿತು. ಮಾರಾಟವಾದದ್ದು ಇಷ್ಟೆಲ್ಲ ಆದ ಮೇಲೆ. ಅದೂ ಮರುಭೂಮಿಯ ಜಾಗ, ಮಳೆಯೆಂಬುದು ಅಪರೂಪ. ಅಲ್ಲಿನ ಲೆಕ್ಕವನ್ನು ಘಟ್ಟದ ಮೇಲಿನ ಊರಿಗೆ ತಂದರೆ ಕೂಡುವುದಿಲ್ಲ.

ಲಕ್ಯಾ ಡ್ಯಾಮನ್ನು ಈಗ ಗಣಿ ನಡೆಸಿದ್ದ ಕೇಂದ್ರ ಸರಕಾರದ ಕಂಪನಿ (ಕೆಐಒಸಿಎಲ್) ನೋಡಿಕೊಳ್ಳುತ್ತಿದೆ. ನಾಳೆ ಗೆಸ್ಟ್ ಹೌಸು, ಕ್ವಾರ್ಟರ್ಸು, ಹೊಳೆಬದಿಯ ಜಾಗ ಒಬ್ಬರ ಕೈಗೆ ಹೋಗಿ ಡ್ಯಾಂ ಮಾತ್ರ ಸರಕಾರದ ತಲೆಮೇಲೆ ಉಳಿದರೆ ಲಾಭ ಅವರಿಗೆ, ಖರ್ಚು ನಮಗೆ. ಡ್ಯಾಂ ಕೂಡ ಅವರ ಕೈಗೇ ಹೋದರೆ ಇನ್ನೂ ಕಷ್ಟ. ನಾಲ್ಕು ಮಳೆಗಾಲ ರೂಮು ಖಾಲಿ ಬಿದ್ದರೆ ಮಾಲೀಕ ಬಾಗಿಲು ಹಾಕಿ ಹೋಗುತ್ತಾನೆ. ಬಸಿನೀರು ಅಳೆಯುವವರು ಯಾರು?

ಆದ್ದರಿಂದ ಕುದುರೆಮುಖದ ಬಗ್ಗೆ ಯಾವ ಪ್ರಸ್ತಾವ ಬಂದರೂ ಅದರ ಮೊದಲ ಪುಟದಲ್ಲೇ ಮೂರು ಸಾಲು ಇರಲಿ: ಲಕ್ಯಾ ಡ್ಯಾಮಿನ ಹೊಣೆ ಯಾರದು, ಎಷ್ಟು ಕಾಲ, ಅದಕ್ಕೆ ದುಡ್ಡು ಯಾವ ಖಾತೆಯಿಂದ. ಪ್ರತಿ ವರ್ಷದ ತಪಾಸಣೆಯ ವರದಿ ಕನ್ನಡದಲ್ಲಿ ಕಳಸದ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಲಿ. ಪಾಳು ಕ್ವಾರ್ಟರ್ಸುಗಳನ್ನು ಏನು ಮಾಡಬೇಕೆಂಬ ಚರ್ಚೆ ಆಮೇಲೆ ನಡೆಯಲಿ. ನನ್ನನ್ನು ಕೇಳಿದರೆ ಅರಣ್ಯ ಇಲಾಖೆಗೆ ಬಿಟ್ಟುಕೊಡಿ ಎನ್ನುತ್ತೇನೆ.

ಇತಿ,
ಒಬ್ಬ ನಿವೃತ್ತ ಗಣಿ ಕಾರ್ಮಿಕ,
ಕಾರ್ಕಳ