ಅಷ್ಟೇನಾ ಅಂದರು ಅಪ್ಪ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಕೋಪ ಅಂದುಕೊಳ್ಳಬೇಡ. ಮಾಡಿದ್ದರೆ ಇನ್ನೇನಾದರೂ ಅಂದುಬಿಡುತ್ತಿದ್ದೆ. ಕಾಗದದಲ್ಲಾದರೆ ಬರೆದದ್ದನ್ನು ಹೊಡೆದುಹಾಕಬಹುದು. ಆಗಲೇ ಎರಡು ಹಾಳೆ ಹರಿದಾಯ್ತು.

ಅವತ್ತು ಯಾರು ಏನಂದರು ಅಂತ ಮತ್ತೆ ಬರೆಯುವುದಿಲ್ಲ. ಒಂದು ಮಾತಿಗೆ ಮಾತ್ರ ಕ್ಷಮಿಸು. ಪ್ರಾರ್ಥನೆ ಬಿಟ್ಟು ಮೂರು ತಿಂಗಳಾಯ್ತು ಅಂತ ನೀನು ಅಂದಾಗ, ನಿನಗೆ ನಿದ್ದೆ ಬಾರದಿರುವುದಕ್ಕೂ ಅದಕ್ಕೂ ಗಂಟು ಹಾಕಿದೆನಲ್ಲ, ಅದು ತಪ್ಪು. ವಾರಗಟ್ಟಲೆ ನೈಟ್ ಡ್ಯೂಟಿ ಮಾಡುವ ನರ್ಸಿಗೆ ಹಗಲು ನಿದ್ದೆ ಹತ್ತುವುದು ಕಷ್ಟ, ಅಷ್ಟೇ. ದೇವರು ಮುನಿಸಿಕೊಂಡು ಯಾರ ನಿದ್ದೆಯನ್ನೂ ಕದಿಯುವುದಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ಅಂದೆ.

ಅವತ್ತಿನಿಂದ ಒಂದು ರಾತ್ರಿ ನನ್ನ ತಲೆಯಿಂದ ಹೋಗುತ್ತಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ. ಎಂಟು ವರ್ಷ ಇರಬೇಕು ನಿನಗೆ. ಮನೆ ಪ್ರಾರ್ಥನೆಯ ಹೊತ್ತು. ಅಪ್ಪ ಅಧ್ಯಾಯ ಓದಿ ಮುಗಿಸುವಷ್ಟರಲ್ಲಿ ನೀನು ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟಿದ್ದೆ. ಪ್ರಾರ್ಥಿಸುವ ಸರದಿ ನಿನ್ನದು. "ಬಿಡೇ, ಮಗು ಮಲಗಲಿ" ಅಂದಳು ಅಜ್ಜಿ. ನಾನು ಬಿಡಲಿಲ್ಲ. ಭುಜ ಹಿಡಿದು ಅಲುಗಾಡಿಸಿ ಕೂರಿಸಿದೆ. ನೀನು ಕಣ್ಣೂ ಬಿಡದೆ ಹೇಳಿದೆ: "ದೇವರೇ, ಅಮ್ಮನಿಗೆ ಕೋಪ ಬರದ ಹಾಗೆ ಮಾಡು. ನಂಗೆ ನಿದ್ದೆ ಬರ್ತಿದೆ. ಆಮೆನ್."

ಅಜ್ಜಿ ನಕ್ಕಳು. ನಾನು ತಿದ್ದಿದೆ. ಮೊದಲು ಸ್ತೋತ್ರ, ಆಮೇಲೆ ಪಾಪದ ಅರಿಕೆ, ಆಮೇಲೆ ಕೃತಜ್ಞತೆ, ಕೊನೆಗೆ ಬೇಡಿಕೆ ಅಂತ ಬೆರಳು ಮಡಿಸಿ ತೋರಿಸಿ ಇನ್ನೊಮ್ಮೆ ಮಾಡಿಸಿದೆ. ನೀನು ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ನನಗೆ ಎಂಥ ಹೆಮ್ಮೆ ಅಂತೀಯ!

ಈಗ ಯೋಚಿಸಿದರೆ, ಆ ರಾತ್ರಿ ಆ ಕೋಣೆಯಲ್ಲಿ ನಿಜವಾಗಿ ಪ್ರಾರ್ಥನೆ ಮಾಡಿದವಳು ನೀನೊಬ್ಬಳೇ. ನಿನಗಿದ್ದ ಭಯ ಒಂದು, ಕಷ್ಟ ಒಂದು. ಎರಡನ್ನೂ ನೇರವಾಗಿ ದೇವರ ಮುಂದೆ ಇಟ್ಟೆ. ಅದನ್ನು ನಾನು ತಿದ್ದಿದೆ ಪುಟ್ಟಿ. ಬೈಬಲ್ಲಿನ ಕೀರ್ತನೆಗಳನ್ನು ತೆಗೆದು ನೋಡು. 13ನೆಯದು ಸ್ತೋತ್ರದಿಂದ ಶುರುವಾಗುವುದೇ ಇಲ್ಲ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತದೆ. 88ನೆಯದು ಮುಗಿಯುವುದೇ ಕತ್ತಲಲ್ಲಿ, ಸಮಾಧಾನದ ಒಂದು ಸಾಲೂ ಇಲ್ಲದೆ. ನೀರಿನಲ್ಲಿ ಮುಳುಗುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಸ್ವಾಮೀ ಕಾಪಾಡು ಅಂತಷ್ಟೇ ಕೂಗಿದ. ಅವನಿಗೆ ನಾನು ಬೆರಳು ಮಡಿಸಿ ತೋರಿಸುತ್ತಿದ್ದೆನೋ ಏನೋ.

ಇನ್ನೊಂದೂ ಇದೆ. ಗೆತ್ಸೇಮನೆ ತೋಟದಲ್ಲಿ, ಯೇಸು ಸ್ವಾಮಿಗೆ ಜೊತೆ ಬೇಕಾಗಿದ್ದ ರಾತ್ರಿಯೇ ಶಿಷ್ಯರು ನಿದ್ದೆ ಹೋದರು. ಮೂರು ಸಲ ಬಂದು ನೋಡಿದರೂ ನಿದ್ದೆ. ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂದನು ಆತ. ದೊಡ್ಡ ಗಂಡಸರ ಬಗ್ಗೆ ಹಾಗಂದನು. ನಾನು ಎಂಟು ವರ್ಷದ ಮಗುವನ್ನು ಅಲುಗಾಡಿಸಿದೆ. ಸರಿ, ಇದನ್ನು ಇಲ್ಲಿಗೆ ಬಿಡುತ್ತೇನೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಅಪ್ಪನಿಗೂ ಮೊನ್ನೆಯೇ ಹೇಳಿದ್ದು. ಅಜ್ಜಿ ಹಾಸಿಗೆ ಹಿಡಿದ ಎಂಟು ತಿಂಗಳೂ ನಾನು ಬೇಡಿಕೊಂಡೆ, ಉಪವಾಸ ಮಾಡಿದೆ. ಅಜ್ಜಿ ಹೋದಳು. ಆಮೇಲೆ ಸುಮಾರು ಒಂದು ವರ್ಷ ನನ್ನಿಂದ ಪ್ರಾರ್ಥನೆ ಆಗಲಿಲ್ಲ. ಬಾಯಿ ಮಾತ್ರ ನಡೆಯುತ್ತಿತ್ತು. ಪ್ರತಿ ರಾತ್ರಿ ನಿಮ್ಮೆಲ್ಲರ ಮುಂದೆ ಕೂತು, ಸ್ತೋತ್ರದಿಂದ ಬೇಡಿಕೆಯವರೆಗೆ ಸಾಲಾಗಿ ಹೇಳುತ್ತಿದ್ದೆ. ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತೀರಿ ಅಂತ ಸಭೆಯಲ್ಲಿ ಒಬ್ಬರು ಹೊಗಳಿದ್ದು ಆ ವರ್ಷವೇ! ಒಳಗೆ ಏನೂ ಇರಲಿಲ್ಲ. ನೀನು ಮೂರು ತಿಂಗಳಿಗೇ ಬಾಯಿಬಿಟ್ಟು ಹೇಳಿದೆ. ನನಗೆ ಆ ಧೈರ್ಯ ಬರಲಿಲ್ಲ. ಭಾನುವಾರ ನಿನ್ನ ಮೇಲೆ ರೇಗಿದ್ದರಲ್ಲಿ ಅರ್ಧ ಇದೇ ಇರಬೇಕು.

ಮತ್ತೆ ಹೇಗೆ ಶುರುವಾಯ್ತು ಅಂತ ಕೇಳುತ್ತೀಯ. ದೊಡ್ಡದೇನೂ ನಡೆಯಲಿಲ್ಲ. ಒಂದು ದಿನ ಪಾತ್ರೆ ತೊಳೆಯುತ್ತಾ, "ನನಗೆ ನಿನ್ನ ಮೇಲೆ ಸಿಟ್ಟಿದೆ" ಅಂದೆ. ಜೋರಾಗಿಯೇ ಅಂದೆ. ಮರುದಿನವೂ ಅದನ್ನೇ ಅಂದೆ. ಆಮೇಲೆ ಒಂದೊಂದೇ ಬೇರೆ ಮಾತು ಬಂತು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಬಗ್ಗೆ ಓದಿದ್ದು ಆಮೇಲೆ. ಆತನಿಗೆ ಅಡುಗೆಮನೆ ಕೆಲಸ ಮೊದಲಿಂದಲೂ ಇಷ್ಟವಿರಲಿಲ್ಲವಂತೆ. ಆದರೂ ಮಂಡಿಯೂರಿ ಕೂತಾಗ ಇರುವಷ್ಟೇ ಹತ್ತಿರ ಪಾತ್ರೆಗಳ ಗದ್ದಲದಲ್ಲೂ ದೇವರು ಇರುತ್ತಾನೆ ಅಂತ ಕಂಡುಕೊಂಡ. ಅಡುಗೆಮನೆ ಇಷ್ಟವಿಲ್ಲ ಅಂತ ಒಪ್ಪಿಕೊಂಡ ಸನ್ಯಾಸಿ ಅನ್ನುವುದಕ್ಕೇ ನನಗೆ ಆತ ಹಿಡಿಸಿದ್ದು.

ಹಾಗಾಗಿ ನಿನಗೂ ಹೇಳುತ್ತೇನೆ, ಬೆಳಿಗ್ಗೆ ಐದಕ್ಕೆ ಏಳುವ ಆ ಹಳೆಯ ಲೆಕ್ಕಕ್ಕೆ ಹೋಗಬೇಡ. ಐದು ಗಂಟೆಗೆ ನೀನು ವಾರ್ಡಿನಲ್ಲೇ ಇರುತ್ತೀಯ. ನಮ್ಮ ಸತ್ಯವೇದದಲ್ಲಿ 1189 ಅಧ್ಯಾಯ, ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷಕ್ಕೆ ಮುಗಿಯುತ್ತದೆ ಅಂತ ಬಾಗಿಲಿಗೆ ಪಟ್ಟಿ ಅಂಟಿಸಿದ್ದೆನಲ್ಲ, ಅದೂ ಬೇಡ. (ಯಾಜಕಕಾಂಡದ 27 ಅಧ್ಯಾಯಕ್ಕೂ ನೀನು ಒಂದೇ ದಿನ ಟಿಕ್ ಹಾಕಿದ್ದು ನನಗೆ ಆಗಲೇ ಗೊತ್ತಿತ್ತು.) ಡ್ಯೂಟಿ ಮುಗಿಸಿ ಬಂದ ಮೇಲೆ ಒಂದೇ ಒಂದು ಕೀರ್ತನೆ ಓದು. 150 ಇವೆ, ಐದು ತಿಂಗಳಿಗೆ ಸಾಕು. ಫೋನಿನಲ್ಲಿ ಓದಬೇಡ, ಪುಸ್ತಕದಲ್ಲಿ ಓದು. ಫೋನ್ ತೆಗೆದರೆ ಕೀರ್ತನೆಗೆ ಮೊದಲು ಇನ್ನೇನೋ ಓದಿರುತ್ತೀಯ. ಮಲಗುವ ಮುಂಚೆ ದಿನವನ್ನು ಹಿಂದಿನಿಂದ ತಿರುವಿ ನೋಡು. ಎಲ್ಲಿ ಒಳ್ಳೆಯದು ಸಿಕ್ಕಿತು, ಎಲ್ಲಿ ನಾನು ಒರಟಾದೆ ಅಂತ. 16ನೇ ಶತಮಾನದಲ್ಲಿ ಯೇಸು ಸಭೆ ಎಂಬ ಸನ್ಯಾಸಿ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ತನ್ನವರಿಗೆ ಇದನ್ನು ದಿನಕ್ಕೆರಡು ಸಲ ಮಾಡಲು ಹೇಳಿಕೊಟ್ಟಿದ್ದ. ನಿನಗೆ ಒಂದು ಸಲ ಸಾಕು. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ತಗೋ, ಆಜ್ಞೆ ಇರುವುದೇ ಅದಕ್ಕೆ. ಆರಾಧನೆಗೆ ಹೋಗಲಾಗದಿದ್ದರೆ ಜೊತೆಗೆ ಪ್ರಾರ್ಥಿಸುವ ಒಬ್ಬ ಗೆಳತಿಯನ್ನಾದರೂ ಹುಡುಕಿಕೋ. ಒಂಟಿಯಾಗಿ ಇದೆಲ್ಲ ಜಾಸ್ತಿ ದಿನ ನಡೆಯುವುದಿಲ್ಲ. ಮತ್ತೆ ಉಪವಾಸ ಅಂತ...

ನೋಡು, ಮತ್ತೆ ಪಟ್ಟಿ ಅಂಟಿಸುತ್ತಿದ್ದೇನೆ.

ಹೊಡೆದುಹಾಕೋಣ ಅಂದುಕೊಂಡೆ. ಇರಲಿ ಬಿಡು, ನಿನ್ನ ಅಮ್ಮ ಹೀಗೇ. ಉಪವಾಸದ ಮಾತು ಮಾತ್ರ ವಾಪಸ್. ರಾತ್ರಿಯೆಲ್ಲ ನಿಂತು ಕೆಲಸ ಮಾಡುವವಳು ಊಟ ಬಿಡಬೇಡ. ಪ್ರವಾದಿ ಎಲೀಯನು ಸಾಕಾಗಿ, ಸಾಯುತ್ತೇನೆ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತನು ಬಂದು ಉಪದೇಶ ಮಾಡಲಿಲ್ಲ. ಏಳು, ತಿನ್ನು ಅಂದನು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಅದನ್ನೇ ಅಂದನು. ಮುಂದಿನ ಮಾತೆಲ್ಲ ಆಮೇಲೆ.

ಒಂದು ಹೆಮ್ಮೆಯ ವಿಷಯ, ಇದುವರೆಗೆ ನಿನಗೆ ಹೇಳಿಲ್ಲ. ಯಾರೂ ನೋಡಲು ಬಾರದ ಒಬ್ಬ ರೋಗಿಯ ಕೈ ಹಿಡಿದುಕೊಂಡು ಬೆಳಗಿನ ತನಕ ಕೂತಿದ್ದೆ ಅಂದಿದ್ದೆಯಲ್ಲ, ಅವತ್ತು ನಾನು "ಪ್ರಾರ್ಥನೆ ಮಾಡಿದ್ಯಾ?" ಅಂತ ಕೇಳಿದೆ. ನೀನು ಸುಮ್ಮನಾದೆ. ಆ ಪ್ರಶ್ನೆ ಕೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಬೆಳಗಿನ ತನಕ ನೀನು ಮಾಡುತ್ತಿದ್ದದ್ದು ಇನ್ನೇನು?

ಭಯ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳು ಮೂರು ವರ್ಷ ಆದೀತು ಅನ್ನುವ ಭಯ. ಆದರೆ ಅದು ನನ್ನದು, ನಾನೇ ಹೊರುತ್ತೇನೆ. ಈ ಭಾನುವಾರ ಫೋನ್ ಮಾಡಿದಾಗ, ನಿದ್ದೆ ಆಯ್ತಾ ಅಂತ ಮಾತ್ರ ಕೇಳುತ್ತೇನೆ. ಆ ಇನ್ನೊಂದು ಪ್ರಶ್ನೆ ಬಾಯಿಗೆ ಬಂದರೆ ಕೈ ಹಿಚುಕಲು ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.

ನಿನ್ನೆ ರಾತ್ರಿ ಮನೆ ಪ್ರಾರ್ಥನೆಯಲ್ಲಿ ನನ್ನ ಸರದಿ. ಸ್ತೋತ್ರದಿಂದ ಶುರು ಮಾಡಲು ಹೋಗಿ ನಿಲ್ಲಿಸಿದೆ. "ದೇವರೇ, ನನಗೆ ಕೋಪ ಬರದ ಹಾಗೆ ಮಾಡು. ಅವಳಿಗೆ ನಿದ್ದೆ ಬರಲಿ. ಆಮೆನ್" ಅಂದೆ. ಅಪ್ಪ ಕಣ್ಣು ಬಿಟ್ಟು ನೋಡಿದರು.

"ಅಷ್ಟೇನಾ?" ಅಂದರು.

ಅಷ್ಟೇ ಅಂದೆ.

ನಿನ್ನ
ಅಮ್ಮ